ಗಂಡನ ವೀಸಾಕ್ಕೆ ಕಟ್ಟಿದ ಬದುಕು

ಮದುವೆಯಾಗಿ ಕರ್ನಾಟಕದಿಂದ ಅಮೆರಿಕಕ್ಕೆ ಹೋಗುವ ಹೆಣ್ಣುಮಕ್ಕಳಲ್ಲಿ ಬಹಳಷ್ಟು ಮಂದಿ ಆ ನೆಲದಲ್ಲಿ ಕಾಲಿಡುವುದು ಎಚ್‌–4 ವೀಸಾದ ಮೇಲೆ. ಗಂಡನ ಎಚ್‌–1ಬಿ ಉದ್ಯೋಗ ವೀಸಾ ಇರುವಷ್ಟು ದಿನ ಮಾತ್ರ ಅದಕ್ಕೆ ಬೆಲೆ. ಅವನ ಕೆಲಸ ಹೋದರೂ, ವಿಚ್ಛೇದನವಾದರೂ ಇವಳು ಅಲ್ಲಿರಲು ಇದ್ದ ಆಧಾರವೇ ತಪ್ಪಿತು. ಇಲ್ಲಿ ಎಂಜಿನಿಯರೋ ಉಪನ್ಯಾಸಕಿಯೋ ಆಗಿ ಸ್ವಂತ ಸಂಬಳ ಪಡೆಯುತ್ತಿದ್ದವಳು ಅಲ್ಲಿ ಒಂದು ಡಾಲರನ್ನೂ ದುಡಿಯುವಂತಿಲ್ಲ. 2015ರಿಂದ ಕೆಲವರಿಗೆ ಕೆಲಸದ ಪರವಾನಗಿ ಸಿಗುತ್ತಿದೆಯಾದರೂ, ಅದಕ್ಕೂ ಮೊದಲು ಗಂಡನ ಗ್ರೀನ್‌ ಕಾರ್ಡ್‌ ಅರ್ಜಿ ಒಂದು ಹಂತ ದಾಟಿರಬೇಕು.

ಮನೆಯೊಳಗೆ ಹೊಡೆತ, ಬೈಗುಳ ಶುರುವಾದಾಗ ಈ ನಿಯಮಗಳೆಲ್ಲ ಗಂಡನ ಕೈಗೆ ಸಿಕ್ಕ ಆಯುಧಗಳಾಗುತ್ತವೆ. ‘ನಿನ್ನ ವೀಸಾ ಕ್ಯಾನ್ಸಲ್‌ ಮಾಡಿಸ್ತೀನಿ’, ‘ನೀನು ಇಂಡಿಯಾಕ್ಕೆ ಹೋಗು, ಮಗು ಇಲ್ಲೇ ಇರುತ್ತೆ’ ಎಂಬ ಬೆದರಿಕೆಗಳು ಪೊಳ್ಳು ಮಾತುಗಳಾಗಿದ್ದರೆ ಅವಳು ಧೈರ್ಯ ಮಾಡಿ ಹೊರಬರುತ್ತಿದ್ದಳು. ಆದರೆ ಅವುಗಳ ಬೆನ್ನಿಗೆ ಆ ದೇಶದ ಕಾನೂನೇ ನಿಂತಿದೆ. ಅವಳು ಬಾಯಿಬಿಡದಿರುವುದಕ್ಕೆ ಭಾರತೀಯ ಹೆಣ್ಣಿನ ಸಹನೆ, ಸಂಸ್ಕೃತಿ ಎಂದೆಲ್ಲ ಕಾರಣ ಹುಡುಕುವವರು ಮೊದಲು ಆ ವೀಸಾದ ಷರತ್ತುಗಳನ್ನು ಓದಬೇಕು.

ಮನೆ ಬಿಡಬೇಕೆಂದರೆ ಏನೇನು ಬೇಕು ನೋಡಿ. ಕೆಲಸದ ಪರವಾನಗಿ ಇಲ್ಲದ ಎಚ್‌–4 ಪತ್ನಿಗೆ ಸಾಮಾನ್ಯವಾಗಿ ಸೋಷಿಯಲ್‌ ಸೆಕ್ಯುರಿಟಿ ಸಂಖ್ಯೆ ಸಿಗುವುದಿಲ್ಲ. ಅದಿಲ್ಲದೆ, ಸಾಲ ಪಡೆದು ತೀರಿಸಿದ ದಾಖಲೆಯೂ ಇಲ್ಲದೆ, ಬಾಡಿಗೆ ಮನೆ ಸಿಗುವುದು ಬಹಳ ಕಷ್ಟ. ಬ್ಯಾಂಕ್‌ ಖಾತೆ ಜಂಟಿಯಾಗಿದ್ದರೂ ಸಂಬಳ ಬರುವುದು ಅವನದು. ಪಾಸ್‌ವರ್ಡ್‌ ಕೂಡ ಅವನ ಹತ್ತಿರವೇ ಇರಬಹುದು. ಕಾರಿಲ್ಲದೆ ಕದಲಲಾಗದ ಊರುಗಳಲ್ಲಿ ಕಾರಿನ ಕೀಲಿಯೂ ಅವನ ಜೇಬಿನಲ್ಲಿ. ತವರಿನಿಂದ ದುಡ್ಡು ತರಿಸೋಣವೆಂದರೆ ಅಲ್ಲಿನ ಒಂದು ತಿಂಗಳ ಬಾಡಿಗೆಗೆ ಅಪ್ಪನ ಹಲವು ತಿಂಗಳ ಪಿಂಚಣಿ ಸಾಲದು.

ಪೊಲೀಸರಿಗೆ ಫೋನ್‌ ಮಾಡಬಹುದಲ್ಲ ಎನ್ನುತ್ತೇವೆ. ಖಂಡಿತ ಮಾಡಬಹುದು, ಜೀವಕ್ಕೆ ಅಪಾಯವಿದ್ದಾಗ ಮಾಡಲೇಬೇಕು. ಆದರೆ ಕೌಟುಂಬಿಕ ದೌರ್ಜನ್ಯದ ಅಪರಾಧ ಸಾಬೀತಾದರೆ ಅಮೆರಿಕದ ವಲಸೆ ಕಾನೂನಿನಲ್ಲಿ ಅದು ಗಡಿಪಾರಿಗೆ ಕಾರಣವಾಗುತ್ತದೆ. ಗಂಡ ಗಡಿಪಾರಾದರೆ ಅವನ ವೀಸಾದ ಜೊತೆ ಇವಳದೂ ಹೋಯಿತು. ವರ್ಷಗಟ್ಟಲೆ ಕಾದ ಗ್ರೀನ್‌ ಕಾರ್ಡ್‌ ಸರದಿಯಲ್ಲಿನ ಜಾಗವೂ ಹೋಯಿತು. ಅವನ ಮೇಲೆ ಕೊಡುವ ದೂರು ಕೊನೆಗೆ ಇವಳ ವಾಸಕ್ಕೇ ಮುಳುವಾಗುತ್ತದೆ.

ಅಮೆರಿಕದ ಸಂಸತ್ತಿಗೆ ಇದು ತಿಳಿಯದ ಸಂಗತಿಯಲ್ಲ. ಮಹಿಳೆಯರ ಮೇಲಿನ ಹಿಂಸೆ ತಡೆಗೆಂದು 1994ರಲ್ಲಿ ತಂದ ಕಾನೂನು, ನೊಂದ ಪತ್ನಿ ಗಂಡನ ಹಂಗಿಲ್ಲದೆ ತಾನೇ ಗ್ರೀನ್‌ ಕಾರ್ಡ್‌ಗೆ ಅರ್ಜಿ ಹಾಕಲು ದಾರಿ ಮಾಡಿತು. ಆದರೆ ಗಂಡ ಅಮೆರಿಕದ ಪ್ರಜೆಯೋ ಗ್ರೀನ್‌ ಕಾರ್ಡ್‌ ಇರುವವನೋ ಆಗಿರಬೇಕು. ಎಚ್‌–1ಬಿ ನೌಕರನ ಹೆಂಡತಿ ತಿಂದದ್ದು ಅದೇ ಪೆಟ್ಟಾದರೂ ಈ ಬಾಗಿಲು ಅವಳಿಗೆ ತೆರೆಯುವುದಿಲ್ಲ. 2005ರ ತಿದ್ದುಪಡಿ ಇಂಥ ಪತ್ನಿಯರಿಗೆ ಕೆಲಸದ ಪರವಾನಗಿ ಕೊಡಬಹುದೆಂದು ಹೇಳಿತು. ಅದಕ್ಕೆ ಬೇಕಾದ ಅರ್ಜಿ ನಮೂನೆ ಬಂದದ್ದು 2017ರಲ್ಲಿ! ಅಷ್ಟು ವರ್ಷ ಆ ಹಕ್ಕು ಕಾಗದದ ಮೇಲಷ್ಟೇ ಉಳಿದಿತ್ತು. ಈಗ ಸಿಗುವ ಪರವಾನಗಿಯೂ ಎರಡು ವರ್ಷದ್ದು. ದುಡಿಯಲು ಬಿಡುತ್ತದೆ, ನೆಲೆಯೂರುವ ಹಕ್ಕನ್ನು ಮಾತ್ರ ಕೊಡುವುದಿಲ್ಲ.

ಉಳಿದದ್ದು ಅಪರಾಧಕ್ಕೆ ಬಲಿಯಾದವರಿಗೆ 2000ದಲ್ಲಿ ರೂಪಿಸಿದ ಯು ವೀಸಾ. ತನಿಖೆಗೆ ನೆರವಾಗಿದ್ದಾಳೆಂದು ಪೊಲೀಸರೋ ಪ್ರಾಸಿಕ್ಯೂಟರೋ ಪ್ರಮಾಣಪತ್ರ ಕೊಡಬೇಕು. ವರ್ಷಕ್ಕೆ 10,000 ಮಂದಿಗೆ ಮಾತ್ರ ಎಂಬ ಮಿತಿಯಿದೆ, ಸರದಿ ಹಲವು ವರ್ಷಗಳಷ್ಟು ಉದ್ದವಿದೆ. ಸರ್ಕಾರಿ ನೆರವಿನ ಕಥೆಯೂ ಹೀಗೇ. 1996ರ ಕಲ್ಯಾಣ ಸುಧಾರಣಾ ಕಾಯ್ದೆಯಿಂದಾಗಿ ಆಹಾರ, ನಗದು ಮುಂತಾದ ಮುಖ್ಯ ಯೋಜನೆಗಳು ಎಚ್‌–4 ಪತ್ನಿಗೆ ಸಿಗುವುದಿಲ್ಲ. ಅವಳನ್ನು ಹಿಡಿದೆತ್ತಿರುವುದು ಹೆಚ್ಚಾಗಿ ನಮ್ಮದೇ ಉಪಖಂಡದ ಹೆಂಗಸರು ಕಟ್ಟಿದ ಸಂಸ್ಥೆಗಳು: ನ್ಯೂಜೆರ್ಸಿಯಲ್ಲಿ 1985ರಲ್ಲಿ ಹುಟ್ಟಿದ ಮಾನವಿ, ನ್ಯೂಯಾರ್ಕಿನ ಸಖಿ, ಕ್ಯಾಲಿಫೋರ್ನಿಯಾದ ಮೈತ್ರಿ ಮತ್ತು ನಾರಿಕಾ. ಆಡುವ ಭಾಷೆ, ತಿನ್ನುವ ಊಟ, ಅತ್ತೆಮನೆಯ ಒತ್ತಡ ಇವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ದೇಣಿಗೆಯ ಮೇಲೆ ನಡೆಯುವ ಸಂಸ್ಥೆ ಎಷ್ಟು ತಿಂಗಳ ಬಾಡಿಗೆ ಕಟ್ಟೀತು?

ಬ್ರಿಟನ್‌ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿದೆ. ಅಲ್ಲಿಯೂ ಅವಲಂಬಿತ ವೀಸಾದವರಿಗೆ ಸರ್ಕಾರಿ ಹಣದ ನೆರವಿಲ್ಲ. ಸೌತಾಲ್‌ ಬ್ಲ್ಯಾಕ್‌ ಸಿಸ್ಟರ್ಸ್‌ನಂಥ ಸಂಘಟನೆಗಳ ದೀರ್ಘ ಹೋರಾಟದ ಫಲವಾಗಿ, ಬ್ರಿಟಿಷ್‌ ಪ್ರಜೆಗಳ ಹಾಗೂ ಅಲ್ಲಿ ನೆಲೆಸಿದವರ ಸಂತ್ರಸ್ತ ಪತ್ನಿಯರಿಗೆ 2012ರಿಂದ ಮೂರು ತಿಂಗಳ ಸ್ವತಂತ್ರ ವಾಸದ ಅನುಮತಿ ಸಿಗುತ್ತಿದೆ. ಆ ಅವಧಿಯಲ್ಲಿ ವಸತಿ, ಭತ್ಯೆ ಪಡೆಯಬಹುದು, ಶಾಶ್ವತ ವಾಸಕ್ಕೂ ಅರ್ಜಿ ಹಾಕಬಹುದು. 2024ರಲ್ಲಿ ಇದನ್ನು ಉದ್ಯೋಗಿಗಳ, ವಿದ್ಯಾರ್ಥಿಗಳ ಸಂಗಾತಿಗಳಿಗೂ ವಿಸ್ತರಿಸಲಾಯಿತು, ಆದರೆ ಅವರಿಗೆ ಶಾಶ್ವತ ವಾಸದ ದಾರಿ ಕೊಡಲಿಲ್ಲ. ಮೂರು ತಿಂಗಳು ತೀರಾ ಕಡಿಮೆ. ಆದರೂ ವಾಸದ ಹಕ್ಕನ್ನೂ ಊಟ ವಸತಿಯನ್ನೂ ಒಟ್ಟಿಗೇ ಕೊಡಬೇಕು ಎಂಬ ತಿಳಿವಳಿಕೆ ಅದರಲ್ಲಿದೆ. ಅವೆರಡರಲ್ಲಿ ಒಂದನ್ನಷ್ಟೇ ಕೊಟ್ಟರೆ ಹೆಂಗಸು ಹೊಡೆಯುವವನ ಮನೆಗೇ ಮರಳುತ್ತಾಳೆ.

ನಮ್ಮ ಸರ್ಕಾರದ ಕಡೆಗೆ ಬರೋಣ. ಅನಿವಾಸಿ ಮದುವೆಗಳ ಕುರಿತು ಇಲ್ಲಿ ನಡೆಯುವ ಚರ್ಚೆಯೆಲ್ಲ ಮೋಸಗಾರ ಗಂಡನನ್ನು ಹಿಡಿಯುವುದು ಹೇಗೆ ಎಂಬುದರ ಸುತ್ತಲೇ. 2019ರಲ್ಲಿ ರಾಜ್ಯಸಭೆಯಲ್ಲಿ ಮಂಡಿಸಿದ ಮಸೂದೆಯಲ್ಲಿದ್ದುದು ಮೂವತ್ತು ದಿನದೊಳಗೆ ಮದುವೆ ನೋಂದಣಿ, ಪಾಸ್‌ಪೋರ್ಟ್‌ ಜಪ್ತಿ, ಜಾಲತಾಣದ ಮೂಲಕ ಸಮನ್ಸ್‌. ಅದು ಕಾನೂನಾಗಲಿಲ್ಲ. 2024ರಲ್ಲಿ ಕಾನೂನು ಆಯೋಗ ತನ್ನ 287ನೇ ವರದಿಯಲ್ಲಿ ಸಮಗ್ರ ಕಾನೂನು ಬೇಕೆಂದಿತು. ಇದೆಲ್ಲ ಅಗತ್ಯವೇ. ತವರಿಗೆ ಮರಳಿದವಳು ತಾನಿರುವ ಊರಿನಲ್ಲೇ ದೂರು ಕೊಡಬಹುದೆಂದು 2019ರಲ್ಲಿ ಸುಪ್ರೀಂ ಕೋರ್ಟ್‌ ಹೇಳಿದ್ದೂ ದೊಡ್ಡ ಆಸರೆ. ಆದರೆ ಅಲ್ಲಿ ಹುಟ್ಟಿದ ಮಗುವನ್ನು ಬಿಟ್ಟು ಬರಲಾಗದೆ, ಕರೆದುಕೊಂಡು ಬಂದರೆ ಅಪಹರಣದ ಆರೋಪ ಬಂದೀತೆಂದು ಹೆದರಿ ಅಲ್ಲೇ ಉಳಿದವಳಿಗೆ ಇದರಲ್ಲಿ ಯಾವುದೂ ಊಟ ಹಾಕುವುದಿಲ್ಲ.

ಅನಿವಾಸಿ ಗಂಡಂದಿರು ತೊರೆದ ಮಹಿಳೆಯರಿಗಾಗಿ ವಿದೇಶಾಂಗ ವ್ಯವಹಾರ ಸಚಿವಾಲಯ ಕಾನ್ಸುಲೇಟ್‌ಗಳ ಮೂಲಕ ನೆರವು ಕೊಡುವ ಯೋಜನೆಯೊಂದಿದೆ. ಒಂದು ಪ್ರಕರಣಕ್ಕೆ 4,000 ಡಾಲರ್‌ವರೆಗೆ ಎಂದು ನಿಗದಿ ಮಾಡಲಾಗಿತ್ತು. ಅದನ್ನು ರೂಪಿಸಿದ್ದು ಮುಖ್ಯವಾಗಿ ಕೋರ್ಟು ಖರ್ಚಿಗೆ. ಹಣ ಹೋಗುವುದು ಪಟ್ಟಿಯಲ್ಲಿರುವ ವಕೀಲರಿಗೋ ಸಂಸ್ಥೆಗೋ ಹೊರತು ಅವಳ ಕೈಗಲ್ಲ. ಅಮೆರಿಕದ ವಕೀಲರ ಶುಲ್ಕಕ್ಕೆ ಅದು ಎಲ್ಲಿಗೂ ಸಾಲದು. ಅದೇ ಮೊತ್ತ ಮೊದಲ ವಾರದಲ್ಲೇ ಅವಳ ಸ್ವಂತ ಖಾತೆಗೆ ಬಂದರೆ ಒಂದು ಕೋಣೆಯ ಬಾಡಿಗೆಗೆ, ಮಗುವಿನ ಹಾಲಿಗೆ, ಕೆಲಸದ ಪರವಾನಗಿ ಬರುವವರೆಗಿನ ಬದುಕಿಗೆ ಆಗುತ್ತದೆ.

ಈ ನೆರವನ್ನು ನೇರವಾಗಿ ಮಹಿಳೆಯ ಕೈಗೇ ಕೊಡುವಂತೆ ಕೇಂದ್ರ ಸರ್ಕಾರ ನಿಯಮ ಬದಲಿಸಬೇಕು. ಎಚ್‌–4 ಪತ್ನಿಯರ ವಾಸದ ಪ್ರಶ್ನೆಯನ್ನು ಅಮೆರಿಕದ ಜೊತೆಗಿನ ಮಾತುಕತೆಯಲ್ಲಿ ಎಚ್‌–1ಬಿ ಸಂಖ್ಯೆಯಷ್ಟೇ ಗಟ್ಟಿಯಾಗಿ ಎತ್ತಬೇಕು. ಕರ್ನಾಟಕದ ಅನಿವಾಸಿ ಭಾರತೀಯ ಸಮಿತಿ ಇಂಥವರಿಗಾಗಿಯೇ ಕನ್ನಡದಲ್ಲಿ ಮಾತನಾಡುವ ಸಹಾಯವಾಣಿಯೊಂದನ್ನು ನಡೆಸಬೇಕು. ಹೆತ್ತವರಲ್ಲಿ ಒಂದು ಬೇಡಿಕೆ: ಮಗಳ ಪಾಸ್‌ಪೋರ್ಟ್‌, ವೀಸಾ, ಮದುವೆ ನೋಂದಣಿ ಪತ್ರಗಳ ಪ್ರತಿ ನಿಮ್ಮ ಹತ್ತಿರವೂ ಇರಲಿ, ಅವಳೊಬ್ಬಳ ಹೆಸರಿನಲ್ಲೇ ಒಂದು ಬ್ಯಾಂಕ್‌ ಖಾತೆಯಿರಲಿ. ಫೋನಿನಲ್ಲಿ ಅವಳು ಹೊಡೆತದ ಮಾತು ತೆಗೆದಾಗ ‘ಗ್ರೀನ್‌ ಕಾರ್ಡ್‌ ಬರೋವರೆಗೆ ಹೊಂದಿಕೊಂಡು ಹೋಗು’ ಎಂದು ದಯವಿಟ್ಟು ಹೇಳಬೇಡಿ.