ಬೆಂಕಿಯ ಹಬ್ಬ ಉಳಿಯಲಿ, ಬೆಂಕಿಗೆ ಬೀಳುವುದು ಬದಲಾಗಲಿ

ಫಾಲ್ಗುಣದ ಹುಣ್ಣಿಮೆ ಹತ್ತಿರವಾದಂತೆ ಊರ ಹುಡುಗರಿಗೆ ಕಾಮನ ಹಬ್ಬದ ಸಡಗರ. ಮನೆಮನೆಗೆ ಹೋಗಿ ಸೌದೆ, ಬೆರಣಿ ಬೇಡುವುದು, ಕೊಡದವರ ಹಿತ್ತಿಲಿನಿಂದ ಕದ್ದು ತರುವುದು ಹಿರಿಯರೂ ಒಪ್ಪಿದ ತುಂಟತನ. ಶಿವನ ಹಣೆಗಣ್ಣಿಗೆ ಕಾಮ ಬೂದಿಯಾದ ಕಥೆ ಆ ರಾತ್ರಿ ಬೀದಿಯ ಬೆಂಕಿಯಲ್ಲಿ ಮರುಕಳಿಸುತ್ತದೆ.

ಇಂಥದೇ ಹಬ್ಬವೊಂದು ಇಂಗ್ಲೆಂಡಿನಲ್ಲಿ ನವೆಂಬರ್ 5ರಂದು ನಡೆಯುತ್ತದೆ. 1605ರಲ್ಲಿ ಕೆಲವು ಕ್ಯಾಥೊಲಿಕರು ದೊರೆ ಜೇಮ್ಸನನ್ನು ಪಾರ್ಲಿಮೆಂಟಿನ ಸಮೇತ ಸಿಡಿಸಲು ಸಂಚು ಹೂಡಿದ್ದರು. 36 ಪೀಪಾಯಿ ಸಿಡಿಮದ್ದಿನ ಕಾವಲಿಗಿದ್ದ ಗೈ ಫಾಕ್ಸ್ ಸಿಕ್ಕಿಬಿದ್ದ. ದೊರೆ ಉಳಿದ ಸಂತೋಷಕ್ಕೆ ಲಂಡನ್ನಿನ ಜನ ಬೆಂಕಿ ಹಚ್ಚಿದರು. 1606ರಲ್ಲಿ ಅದರ ಸ್ಮರಣೆಯನ್ನು ಕಾನೂನೇ ಕಡ್ಡಾಯಗೊಳಿಸಿತು. ಮುಂದೆ ಆ ಬೆಂಕಿಯಲ್ಲಿ ಪೋಪರ ಪ್ರತಿಕೃತಿಯೂ ಉರಿಯಿತು. ಹಬ್ಬವು ಮತದ್ವೇಷದ ವಾಹನವಾಯಿತು. 1859ರಲ್ಲಿ ಕಾನೂನು ರದ್ದಾಯಿತು. ದ್ವೇಷ ಬಹುಮಟ್ಟಿಗೆ ಕರಗಿತು, ಬೆಂಕಿ ಮಾತ್ರ ಉಳಿಯಿತು. ಹಳೆಯ ಬಟ್ಟೆಗೆ ಹುಲ್ಲು ತುಂಬಿ ಗೈ ಬೊಂಬೆ ಮಾಡಿ, ಅದನ್ನು ತೋರಿಸಿ ದಾರಿಹೋಕರಿಂದ ಕಾಸು ಬೇಡುವುದು ಅಲ್ಲಿನ ಮಕ್ಕಳ ರೂಢಿಯಾಗಿತ್ತು. ಸೌದೆಯ ರಾಶಿಯೊಳಗೆ ಹೆಜ್‌ಹಾಗ್ ಎಂಬ ಮುಳ್ಳುಮೈಯ ಪುಟ್ಟ ಪ್ರಾಣಿ ಅಡಗಿದೆಯೇ ಎಂದು ನೋಡಿಯೇ ಕಿಡಿ ಇಡಬೇಕೆಂದು ಅಲ್ಲಿನ ವನ್ಯಜೀವಿ ಸಂಸ್ಥೆಗಳು ಇಂದು ತಿಳಿಹೇಳುತ್ತವೆ.

ಕಾನೂನು ವಿಧಿಸಿದ ಹಬ್ಬವೇ ಇಷ್ಟು ಬದಲಾಗಬಲ್ಲುದಾದರೆ, ಜನರೇ ಕಟ್ಟಿದ ಕಾಮನ ಹಬ್ಬ ಬದಲಾಗದೇ?

ಬದಲಾವಣೆಯ ಅಗತ್ಯ ಇಲ್ಲಿ ಹೆಚ್ಚು. ಇಂಗ್ಲೆಂಡಿನ ಬೆಂಕಿ ಒದ್ದೆ ಶರತ್ಕಾಲದ್ದು. ಕಾಮನ ಬೆಂಕಿ ಕಾಡು ಒಣಗಿ ನಿಂತ ಕಾಲದ್ದು. 2019ರ ಫೆಬ್ರುವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಸುಟ್ಟುದನ್ನು ನಾಡು ಕಂಡಿದೆ. ಕಾಡಿನಂಚಿನ ಊರಿನಲ್ಲಿ ಗಾಳಿಗೆ ಹಾರಿದ ಒಂದು ಕಿಡಿ ಸಾಕು.

ನಗರದ ಅಪಾಯ ಬೇರೆ. ಬನ್ನೇರುಘಟ್ಟ ರಸ್ತೆಯ ಗೊಟ್ಟಿಗೆರೆಯಂತೆ ಹಳ್ಳಿಯಾಗಿದ್ದು ಬಡಾವಣೆಯಾದ ಕಡೆ ಕೊಟ್ಟಿಗೆಗಳು ವಿರಳ, ಬೆರಣಿಯೂ ವಿರಳ. ಆ ಜಾಗಕ್ಕೆ ಹಳೆಯ ಟೈರು, ಪ್ಲೈವುಡ್, ಪ್ಲಾಸ್ಟಿಕ್ ಬಂದರೆ ಹಬ್ಬದ ಹೊಗೆ ವಿಷವಾಗುತ್ತದೆ. ಬಯಲಿನಲ್ಲಿ ಕಸ ಸುಡುವುದನ್ನು 2016ರ ಘನತ್ಯಾಜ್ಯ ನಿಯಮಗಳೇ ನಿಷೇಧಿಸಿದವು. ಹಬ್ಬದ ಹೆಸರು ಅದಕ್ಕೆ ವಿನಾಯಿತಿ ಆಗಬಾರದು.

ತರಗೆಲೆಯೂ ಬೆಂಕಿಯ ಪಾಲಾಗಬೇಕಾದುದಲ್ಲ. ಮಲೆನಾಡಿನ ರೈತ ದರಗನ್ನು ಕೊಟ್ಟಿಗೆಗೆ ಹಾಸಿ ಗೊಬ್ಬರ ಮಾಡುತ್ತಾನೆ. ಕಾಡಿನಲ್ಲೇ ಬಿಟ್ಟರೆ ಅದು ಕೊಳೆತು ಮಣ್ಣಾಗಿ ಮಳೆನೀರನ್ನು ಹಿಡಿದಿಡುತ್ತದೆ.

ಊರಿಗೊಂದೇ ಬೆಂಕಿ, ಅದೂ ಕಾಡಿನಿಂದ ದೂರದ ಬಯಲಿನಲ್ಲಿ; ಸುತ್ತ ಹುಲ್ಲು ಕೆರೆದ ನೆಲ, ಪಕ್ಕದಲ್ಲಿ ತುಂಬಿದ ಕೊಡಗಳು; ಹಸಿಮರಕ್ಕೆ ಕೊಡಲಿ ಹಾಕದ ನಿಯಮ; ಬೆಳಗಾಗುವ ಮುನ್ನ ಕೆಂಡ ಆರಿಸುವ ಹೊಣೆ. ಇವನ್ನು ಗ್ರಾಮಸಭೆ ತೀರ್ಮಾನಿಸಬಹುದು, ಶಾಲೆಯ ಮಕ್ಕಳು ನಡೆಸಿಕೊಡಬಹುದು. ಕಾಮನನ್ನು ಸುಡಲು ಒಂದು ಹೊರೆ ಒಣಸೌದೆ ಸಾಕು.