ಮೂಳೆ ಕ್ಯಾನ್ಸರಿಗೆ ಪ್ರೋಟಾನ್ ಚಿಕಿತ್ಸೆ: ಕಿದ್ವಾಯಿಗೆ ಯಂತ್ರ ಬರಲಿ, ಅಲ್ಲಿಯವರೆಗೆ ಖರ್ಚು ಸರ್ಕಾರ ಕೊಡಲಿ

ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಬಂಧುಗಳೇ,

ಕ್ಯಾನ್ಸರಿಗೆ ‘ಕರೆಂಟ್ ಕೊಡಿಸೋದು’, ಅಂದರೆ ವಿಕಿರಣ ಚಿಕಿತ್ಸೆ, ನಮ್ಮೂರುಗಳಿಗೆ ಹೊಸದಲ್ಲ. ಆದರೆ ಆ ಎಕ್ಸ್-ರೇ ಕಿರಣ ಗಡ್ಡೆಯನ್ನು ದಾಟಿ ಆಚೆ ಬದಿಗೂ ಹೋಗುತ್ತದೆ. ಕಾರ್ಡೋಮಾ ಎಂಬ ಮೂಳೆ ಕ್ಯಾನ್ಸರಿನ ಗಡ್ಡೆ ಹೆಚ್ಚಾಗಿ ಏಳುವುದು ಬೆನ್ನುಮೂಳೆಯ ಬುಡದಲ್ಲಿ, ಇಲ್ಲವೇ ತಲೆಬುರುಡೆಯ ತಳದಲ್ಲಿ. ಬೆನ್ನಿನ ಬುಡದಲ್ಲಾದರೆ ಮುಂದೆಯೇ ದೊಡ್ಡ ಕರುಳಿನ ತುದಿ, ಪಕ್ಕದಲ್ಲೇ ನರಗಳ ಗೊಂಚಲು. ಪೂರ್ತಿ ಕೊಯ್ದು ತೆಗೆದರೆ ಮಲಮೂತ್ರದ ಹಿಡಿತವೇ ತಪ್ಪಬಹುದು. ಗಡ್ಡೆ ಸಾಯುವಷ್ಟು ಕರೆಂಟ್ ಕೊಡಹೋದರೆ ಕರುಳಿಗೆ ಪೆಟ್ಟು. ಪ್ರೋಟಾನ್ ಕಣಗಳ ನಡೆ ಬೇರೆ. ವೇಗಕ್ಕೆ ತಕ್ಕಷ್ಟು ಆಳಕ್ಕೆ ಇಳಿದು, ಶಕ್ತಿಯ ಬಹುಪಾಲನ್ನು ಅಲ್ಲೇ ಸುರಿದು ನಿಂತುಬಿಡುತ್ತವೆ.

ಎಲ್ಲ ಕ್ಯಾನ್ಸರಿಗೂ ಇದು ಬೇಕಿಲ್ಲ. ಸಾರ್ಕೋಮಾ ಎಂಬ ಮೂಳೆ-ಮಾಂಸದ ಕ್ಯಾನ್ಸರುಗಳಲ್ಲಿ ಕೈಕಾಲಿನ ಬಹುತೇಕವಕ್ಕೆ ಆಪರೇಷನ್, ಕಿಮೊ, ಮಾಮೂಲಿ ಕರೆಂಟೇ ದಾರಿ. ಪ್ರೋಟಾನ್ ಬೇಕಾದವರು ಕೆಲವರೇ. ಕೆಲವರೇ ಆದ್ದರಿಂದಲೇ ಅವರ ಪರವಾಗಿ ದನಿ ಎತ್ತುವವರಿಲ್ಲ.

ಜಪಾನಿನ ಚೀಬಾದಲ್ಲಿ ಇನ್ನೂ ಭಾರವಾದ ಕಾರ್ಬನ್ ಕಣಗಳ ಚಿಕಿತ್ಸೆ 1994ರಲ್ಲೇ ಶುರುವಾಯಿತು. ಅಷ್ಟನ್ನು ನಾವು ಕೇಳುತ್ತಿಲ್ಲ. ಚೆನ್ನೈಯ ಖಾಸಗಿ ಆಸ್ಪತ್ರೆಯೊಂದಕ್ಕೆ 2019ರಲ್ಲಿ ಪ್ರೋಟಾನ್ ಬಂತು. ನವಿ ಮುಂಬೈಯ ಖಾರ್‌ಘರ್‌ನಲ್ಲಿ ಟಾಟಾ ಮೆಮೋರಿಯಲ್‌ನವರು 2023ರಲ್ಲಿ ಆರಂಭಿಸಿದರು. 1973ರಿಂದ ನಮ್ಮನ್ನು ನೋಡಿಕೊಳ್ಳುತ್ತಿರುವ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಇಲ್ಲ. ಆಯುಷ್ಮಾನ್ ಕಾರ್ಡಿನ ಮಿತಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಖಾಸಗಿಯಲ್ಲಿ ಪ್ರೋಟಾನಿಗೆ ಅದರ ಹಲವು ಪಟ್ಟು ಬೇಕು. ವಾರಕ್ಕೆ ಐದು ದಿನದಂತೆ ಆರೇಳು ವಾರ ಪರವೂರಲ್ಲಿ ರೂಮು, ಊಟ, ಜೊತೆಗೊಬ್ಬರು. ತೆಂಗಿನ ತೋಟ ಅಡವಿಟ್ಟರೂ ಸಾಲದು.

ಯಂತ್ರಕ್ಕೆ ನೂರಾರು ಕೋಟಿ ಆಗುತ್ತದೆ ಎನ್ನುತ್ತಾರೆ. ಹೌದು, ಆಗುತ್ತದೆ. ನಮ್ಮ ಕೆಮ್ಮಣ್ಣುಗುಂಡಿಯ ಅದಿರನ್ನು ನಂಬಿ ಮೈಸೂರು ಸಂಸ್ಥಾನ 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಶುರು ಮಾಡಿದಾಗಲೂ ದುಡ್ಡು ದಂಡ ಎಂದವರಿದ್ದರು. ಮೊದಮೊದಲು ನಷ್ಟವೂ ಆಯಿತು. ಸಂಸ್ಥಾನ ಕೈಬಿಡಲಿಲ್ಲ; ಎಷ್ಟೋ ಮನೆಗಳ ಒಲೆ ಅದರಿಂದ ಉರಿಯಿತು. ಅಂದಿನ ಪುಟ್ಟ ಸಂಸ್ಥಾನಕ್ಕೆ ಇದ್ದ ಎದೆಗಾರಿಕೆ ಇಂದಿನ ಕರ್ನಾಟಕಕ್ಕೆ ಇರಬೇಡವೇ?

ಕಿದ್ವಾಯಿಗೆ ಪ್ರೋಟಾನ್ ಯಂತ್ರ ಮಂಜೂರಾಗಬೇಕು. ಅದು ಬರುವವರೆಗೆ, ಅಲ್ಲಿನ ವೈದ್ಯರು ‘ಪ್ರೋಟಾನ್ ಬೇಕು’ ಎಂದು ಬರೆದುಕೊಟ್ಟ ರೋಗಿಯ ಚಿಕಿತ್ಸೆ, ರೈಲು, ವಸತಿ ಖರ್ಚನ್ನು ಸರ್ಕಾರ ಭರಿಸಬೇಕು. ಮುಂದಿನ ಗ್ರಾಮಸಭೆಯಲ್ಲಿ ಈ ಎರಡನ್ನೂ ಠರಾವು ಮಾಡಿಸಿ, ಪ್ರತಿಯನ್ನು ನಿಮ್ಮ ಶಾಸಕರ ಕೈಗೇ ಕೊಟ್ಟು ಸ್ವೀಕೃತಿ ಬರೆಸಿಕೊಳ್ಳಿ.