ಆನೆ ಮಾರಿದವರು ಅಂಕುಶ ಕೊಡಬೇಡವೇ?

ಬ್ರಿಟನ್ನಿನ ಮ್ಯಾಕ್‌ಲಾರೆನ್ ಎಫ್1 ಕಾರು 1998ರಲ್ಲಿ ಜರ್ಮನಿಯ ಪರೀಕ್ಷಾ ರಸ್ತೆಯೊಂದರಲ್ಲಿ ಗಂಟೆಗೆ 386 ಕಿಲೋಮೀಟರ್ ವೇಗದಿಂದ ಓಡಿ ದಾಖಲೆ ಸ್ಥಾಪಿಸಿತ್ತು. ಅದೇ ಕಾರು 2016ರಲ್ಲಿ ಬೇರೊಂದು ಕಾರಣಕ್ಕಾಗಿ ಸುದ್ದಿಯಾಯಿತು. ಒಟ್ಟು ತಯಾರಾದ ಎಫ್1 ಕಾರುಗಳು 106 ಮಾತ್ರ. 2021ರಲ್ಲಿ ಅವುಗಳಲ್ಲೊಂದು ಹರಾಜಿನಲ್ಲಿ 2 ಕೋಟಿ ಡಾಲರಿಗೂ ಮಿಕ್ಕಿದ ಬೆಲೆಗೆ ಮಾರಾಟವಾಗಿದೆ. ಇಷ್ಟು ಬೆಲೆಬಾಳುವ ವಾಹನದ ದೋಷ ಪತ್ತೆಹಚ್ಚಲು 1990ರ ದಶಕದ ಕಾಂಪ್ಯಾಕ್ ಲ್ಯಾಪ್‌ಟಾಪೊಂದು ಬೇಕಾಗುತ್ತಿತ್ತು. ಕಾರಿನೊಡನೆ ಸಂಪರ್ಕ ಬೆಳೆಸುವ ವಿಶೇಷ ಕಾರ್ಡನ್ನು ಆ ಲ್ಯಾಪ್‌ಟಾಪಿಗೆ ಹೊಂದುವಂತೆಯೇ ಮಾಡಿದ್ದುದು ಇದಕ್ಕೆ ಕಾರಣ. ಗುಜರಿಗೆ ಸೇರಬೇಕಾಗಿದ್ದ ಹಳೆಯ ಕಂಪ್ಯೂಟರುಗಳನ್ನು ಕಂಪೆನಿಯೇ ಜೋಪಾನ ಮಾಡಿಡಬೇಕಾಗಿ ಬಂತು. ಹೊಸ ಕಂಪ್ಯೂಟರಿಗೆ ಹೊಂದುವ ಸಾಧನವನ್ನು ಸಿದ್ಧಪಡಿಸುತ್ತಿದ್ದೇವೆ ಎಂದು ಅದು ಆಗ ಹೇಳಿತು.

ಶ್ರೀಮಂತರ ಆಟಿಕೆಯ ಗೊಡವೆ ನಮಗೇಕೆಂದು ವಾಚಕರು ಕೇಳಬಹುದು. ಪ್ರಶ್ನೆ ಸಹಜವೇ. ಆದರೆ ಇಂದು ಈ ದುಬಾರಿ ಕಾರುಗಳಿಗೆ ಬಂದಿರುವ ಕಾಯಿಲೆ ನಾಳೆ ಸಾಮಾನ್ಯನ ಮನೆಯಂಗಳದ ವಾಹನಕ್ಕೂ ಬರಲಿದೆ. ಕಾರಿನೊಳಗೆ ಕಂಪ್ಯೂಟರು ಮೊದಲು ದೊಡ್ಡ ಪ್ರಮಾಣದಲ್ಲಿ ಹೊಕ್ಕದ್ದು ಇಂತಹ ವಾಹನಗಳಲ್ಲಿ. ಅದಕ್ಕೆ ವಯಸ್ಸಾದಾಗ ಏನಾಗುತ್ತದೆ ಎಂಬುದೂ ಮೊದಲು ಇವುಗಳಲ್ಲೇ ಗೋಚರಿಸುತ್ತಿದೆ. ಆದುದರಿಂದ ಈ ವಿಚಾರವನ್ನು ಸ್ವಲ್ಪ ವಿವರವಾಗಿ ಪರಿಶೀಲಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

ಕಬ್ಬಿಣಕ್ಕೆ ಮದ್ದುಂಟು

ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಹಾಗೆಂದು ಆ ಕಾರುಗಳೆಲ್ಲ ಮರುದಿನವೇ ಮೂಲೆ ಸೇರಲಿಲ್ಲ. ಅದರ ಕಾರ್ಬುರೇಟರನ್ನು ಬಿಚ್ಚಿ ತೊಳೆಯಬಲ್ಲ ಮೆಕ್ಯಾನಿಕ್ ಪ್ರತಿ ಪೇಟೆಯಲ್ಲೂ ಇದ್ದ. ಸವೆದ ಭಾಗವನ್ನು ನೋಡಿ, ಅಳೆದು, ಲೇತಿನಲ್ಲಿ ಕಡೆದು ಕೊಡುವವನೂ ಇದ್ದ. ಕಣ್ಣಿಗೆ ಕಾಣುವ ವಸ್ತುವಿಗೆ ಕೈಯಿಂದ ಪರಿಹಾರ ಸಾಧ್ಯವಿತ್ತು. ಕಂಪೆನಿ ಬಾಗಿಲು ಹಾಕಿದರೂ ಆ ಕಾರನ್ನು ದುರಸ್ತಿ ಮಾಡುವ ವಿದ್ಯೆ ಊರಿನಲ್ಲಿ ಉಳಿದಿತ್ತು.

1980ರ ದಶಕದ ಕೊನೆಯಲ್ಲಿ ಜಪಾನಿನಿಂದ ಬಂದ ಕ್ರೀಡಾಕಾರುಗಳ ಕಥೆ ಬೇರೆ. ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ 1989ರಲ್ಲಿ ರಸ್ತೆಗೆ ಬಂತು. ಎಂಜಿನಿನ ಬಲದಲ್ಲಿ ಎಷ್ಟು ಪಾಲು ಮುಂದಿನ ಚಕ್ರಗಳಿಗೆ ಹೋಗಬೇಕೆಂಬುದನ್ನು ಅದರಲ್ಲಿ ಕಂಪ್ಯೂಟರೇ ನಿರ್ಣಯಿಸುತ್ತದೆ. 1990ರಲ್ಲಿ ಹೋಂಡಾ ಎನ್‌ಎಸ್‌ಎಕ್ಸ್ ಬಂತು. ಅದರ ಅಲ್ಯುಮಿನಿಯಮ್ ದೇಹಕ್ಕೆ ತುಕ್ಕಿನ ಭಯವಿಲ್ಲ. ಆದರೆ ಎಂಜಿನ್, ಬ್ರೇಕು, ಹವಾನಿಯಂತ್ರಣ ಒಂದೊಂದಕ್ಕೂ ಒಂದೊಂದು ನಿಯಂತ್ರಣ ಪೆಟ್ಟಿಗೆ ಇದೆ. ದೇಹ ನೂರು ವರ್ಷ ಬಾಳಿದರೂ ಈ ಪೆಟ್ಟಿಗೆಗಳು ಅಷ್ಟು ಬಾಳುವುದಿಲ್ಲ.

ಅವು ಕೆಡುವ ಬಗೆಯೂ ವಿಚಿತ್ರವಾದುದು. ಪೆಟ್ಟಿಗೆಯೊಳಗಿನ ಹಲಗೆಯ ಮೇಲೆ ಕೆಪಾಸಿಟರ್ ಎಂಬ ಪುಟ್ಟ ಡಬ್ಬಿಗಳಿರುತ್ತವೆ. ಅವುಗಳಲ್ಲಿ ಒಂದು ಬಗೆಯವುಗಳ ಒಳಗೆ ದ್ರವವಿದೆ. ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಆ ದ್ರವ ಒಣಗುತ್ತದೆ, ಇಲ್ಲವೇ ಹೊರಗೆ ಸೋರುತ್ತದೆ. ಸೋರಿದ ದ್ರವ ಹಲಗೆಯ ಮೇಲಿನ ಕೂದಲೆಳೆಯಷ್ಟು ತೆಳುವಾದ ತಾಮ್ರದ ದಾರಿಗಳನ್ನು ತಿಂದುಹಾಕುತ್ತದೆ. ಆ ಕಾಲದ ಮಿತ್ಸುಬಿಷಿ ಎಕ್ಲಿಪ್ಸ್ ಕಾರುಗಳ ಎಂಜಿನ್ ಪೆಟ್ಟಿಗೆಗಳು ಈ ರೋಗಕ್ಕೆ ಕುಪ್ರಸಿದ್ಧವಾಗಿವೆ. ಕೆಲವು ರೂಪಾಯಿ ಬೆಲೆಯ ಡಬ್ಬಿಯೊಂದು ಇಡೀ ಕಾರನ್ನು ನಿಲ್ಲಿಸಿಬಿಡುತ್ತದೆ.

ಇನ್ನೊಂದು ಉದಾಹರಣೆ ನೋಡಿ. ಆ ವರ್ಷಗಳ ಹೋಂಡಾ ಕಾರುಗಳಲ್ಲಿ ಪೆಟ್ರೋಲ್ ಪಂಪಿಗೆ ವಿದ್ಯುತ್ ಕೊಡುವ ಮುಖ್ಯ ರಿಲೇಯೊಳಗಿನ ಬೆಸುಗೆ ಕಾಲಕ್ರಮದಲ್ಲಿ ಬಿರುಕು ಬಿಡುತ್ತದೆ. ಬಿಸಿಲಿನಲ್ಲಿ ನಿಂತ ಕಾರು ಎಷ್ಟು ತಿಪ್ಪರಲಾಗ ಹಾಕಿದರೂ ಹೊರಡದು. ಸಂಜೆಗೆ ತಂಪಾದೊಡನೆ ಏನೂ ಆಗದ ಹಾಗೆ ಹೊರಡುತ್ತದೆ. ಇದರ ಮರ್ಮ ಬಲ್ಲವನು ಕಾಲು ಗಂಟೆಯಲ್ಲಿ ಬೆಸುಗೆ ಹಾಕಿ ಸರಿಪಡಿಸುತ್ತಾನೆ. ಅರಿಯದವನು ಪಂಪನ್ನೂ ತಂತಿಗಳನ್ನೂ ಬದಲಿಸಿ, ಮಾಲೀಕನಿಂದ ಸಾವಿರಾರು ರೂಪಾಯಿ ಖರ್ಚು ಮಾಡಿಸಿ, ಕೊನೆಗೆ ಕೈಚೆಲ್ಲುತ್ತಾನೆ. ಇಲ್ಲಿ ಕೊರತೆಯಾದುದು ಬಿಡಿಭಾಗವಲ್ಲ, ಮಾಹಿತಿ.

ಬಿಡಿಭಾಗ ಏಕೆ ಸಿಗುವುದಿಲ್ಲ?

ಕಾರು ಕಂಪೆನಿಗಳು ನಿಯಂತ್ರಣ ಪೆಟ್ಟಿಗೆಗಳನ್ನು ಹೆಚ್ಚಾಗಿ ತಾವೇ ತಯಾರಿಸುವುದಿಲ್ಲ, ಬೇರೆ ಕಾರ್ಖಾನೆಗಳಿಂದ ಮಾಡಿಸಿಕೊಳ್ಳುತ್ತವೆ. ಆ ಕಾರ್ಖಾನೆಗಳು ಚಿಪ್ಪುಗಳನ್ನು ಇನ್ನೊಬ್ಬರಿಂದ ತರುತ್ತವೆ. ಚಿಪ್ಪು ತಯಾರಕನಿಗೆ ದೊಡ್ಡ ಗಿರಾಕಿ ಕಾರಿನವನಲ್ಲ. ಕೆಲವೇ ವರ್ಷಗಳಲ್ಲಿ ಅವನು ಹಳೆಯ ಚಿಪ್ಪನ್ನು ನಿಲ್ಲಿಸಿ ಹೊಸದಕ್ಕೆ ಹೋಗುತ್ತಾನೆ. ಅಲ್ಲಿಂದ ಮುಂದೆ ಹಣ ಕೊಡುತ್ತೇನೆಂದರೂ ಅದೇ ಪೆಟ್ಟಿಗೆಯನ್ನು ಮಾಡಿಸಲು ಸಾಧ್ಯವಿಲ್ಲ. ಮೊದಲೇ ಮಾಡಿ ಉಗ್ರಾಣದಲ್ಲಿ ಇಡೋಣವೆಂದರೆ, ಕೆಪಾಸಿಟರು ಕಪಾಟಿನಲ್ಲಿ ಕುಳಿತಲ್ಲೇ ಮುದಿಯಾಗುತ್ತದೆ.

ಗುಜರಿ ಅಂಗಡಿಯಿಂದ ಹಳೆಯ ಪೆಟ್ಟಿಗೆ ತಂದು ಜೋಡಿಸುವ ದಾರಿಯೂ ಕಿರಿದಾಗುತ್ತಿದೆ. 1998ರಿಂದ ಯುರೋಪಿನಲ್ಲಿ ಹೊಸ ಕಾರುಗಳಿಗೆ ಕಳ್ಳತನ ತಡೆಯುವ ಇಲೆಕ್ಟ್ರಾನಿಕ್ ಬೀಗ ಕಡ್ಡಾಯವಾಯಿತು. ಅಂತಹ ಕಾರುಗಳಲ್ಲಿ ಬೀಗದ ಕೈ, ಬೀಗ ಮತ್ತು ಎಂಜಿನ್ ಪೆಟ್ಟಿಗೆ ಪರಸ್ಪರ ಗುರುತು ಹಿಡಿದರೆ ಮಾತ್ರ ಎಂಜಿನ್ ಹೊರಡುತ್ತದೆ. ಒಂದು ಕಾರಿನ ಪೆಟ್ಟಿಗೆಯನ್ನು ಇನ್ನೊಂದಕ್ಕೆ ಹಾಕಿದರೆ ಅದು ಸುಮ್ಮನೆ ಕುಳಿತಿರುತ್ತದೆ. ಗುರುತು ಬದಲಿಸುವ ಸಾಧನವೂ ಸಂಕೇತವೂ ಕಂಪೆನಿಯ ಕೈಯಲ್ಲಿವೆ. ಕಳ್ಳನಿಗೆ ಹಾಕಿದ ಬೀಗ ಎಷ್ಟೋ ಸಲ ಮಾಲೀಕನನ್ನೇ ಹೊರಗೆ ನಿಲ್ಲಿಸುತ್ತದೆ.

ಆನೆಯನ್ನು ಮಾರಿ, ಹಣ ಎಣಿಸಿಕೊಂಡು, ಅಂಕುಶವನ್ನು ಮಾತ್ರ ತನ್ನಲ್ಲೇ ಇಟ್ಟುಕೊಂಡರೆ ಅದು ಪೂರ್ಣವಾದ ಮಾರಾಟವೆನಿಸೀತೇ? ಇಲ್ಲಿ ನಡೆಯುತ್ತಿರುವುದು ಬಹುಮಟ್ಟಿಗೆ ಇಂತಹ ವ್ಯಾಪಾರ ಎನ್ನದೆ ಗತ್ಯಂತರವಿಲ್ಲ.

ಕಂಪೆನಿಗಳು ಮಾಡಿದ್ದೇನು?

ಕಂಪೆನಿಗಳು ಏನೂ ಮಾಡಿಲ್ಲವೆಂದರೆ ಅದು ಅನ್ಯಾಯವಾದೀತು. ಹೋಂಡಾ ಕಂಪೆನಿ ಎನ್‌ಎಸ್‌ಎಕ್ಸ್ ಕಾರುಗಳನ್ನು ಮರಳಿ ತರಿಸಿಕೊಂಡು ನವೀಕರಿಸಿ ಕೊಡುವ ಯೋಜನೆಯನ್ನು ಜಪಾನಿನಲ್ಲಿ 1993ರಲ್ಲೇ ಆರಂಭಿಸಿತು. ಸ್ಕೈಲೈನ್ ಜಿಟಿ-ಆರ್ ಕಾರಿನ ನಿಂತುಹೋದ ಬಿಡಿಭಾಗಗಳಲ್ಲಿ ಕೆಲವನ್ನು ನಿಸ್ಸಾನ್ 2017ರಲ್ಲಿ ಪುನಃ ತಯಾರಿಸತೊಡಗಿತು. ಅದೇ ಸುಮಾರಿಗೆ ಮಾಜ್ದಾ ತನ್ನ ಮೊದಲ ರೋಡ್‌ಸ್ಟರ್ ಕಾರಿಗೂ, 2020ರಲ್ಲಿ ಟೊಯೊಟಾ ತನ್ನ ಹಳೆಯ ಸುಪ್ರಾ ಕಾರುಗಳಿಗೂ ಇಂತಹ ವ್ಯವಸ್ಥೆ ಮಾಡಿದವು. ಜರ್ಮನಿಯ ಪೋರ್ಷೆ ಇನ್ನೊಂದು ಹೆಜ್ಜೆ ಮುಂದಿಟ್ಟು, 959 ಎಂಬ ಅಪರೂಪದ ಕಾರಿನ ಕ್ಲಚ್ಚಿಗೆ ಬೇಕಾದ ಲೋಹದ ಭಾಗವನ್ನು ಮೂರು ಆಯಾಮದ ಮುದ್ರಣ ವಿಧಾನದಿಂದ ಮಾಡಿರುವುದಾಗಿ 2018ರಲ್ಲಿ ಪ್ರಕಟಿಸಿತು.

ಇದು ಬರಿಯ ಧರ್ಮಕಾರ್ಯವೆಂದು ತಿಳಿಯಬೇಕಾಗಿಲ್ಲ. ಅಮೆರಿಕದಲ್ಲಿ 25 ವರ್ಷ ದಾಟಿದ ವಿದೇಶಿ ಕಾರುಗಳನ್ನು ಸುರಕ್ಷಾ ನಿಯಮಗಳ ಕಟ್ಟಿಲ್ಲದೆ ಆಮದು ಮಾಡಬಹುದು. 1989ರ ಸ್ಕೈಲೈನ್ 2014ರಲ್ಲಿ ಆ ಗೆರೆ ದಾಟಿತು, ಬೇಡಿಕೆಯೂ ಬೆಲೆಯೂ ಏರಿದುವು. ಬಿಡಿಭಾಗದ ವ್ಯಾಪಾರ ಲಾಭದ್ದಾಯಿತು. ಇನ್ನೊಂದೆಡೆ ಜಪಾನ್ ಸರಕಾರ 13 ವರ್ಷ ಮೀರಿದ ಪೆಟ್ರೋಲ್ ಕಾರುಗಳಿಗೆ ಹೆಚ್ಚಿನ ತೆರಿಗೆ ಹೇರುತ್ತದೆ. ಹೀಗೆ ಒಂದೇ ಕಾರನ್ನು ತವರಿನಲ್ಲಿ ತೆರಿಗೆ ದೂಡಿದರೆ, ಪರದೇಶ ಪ್ರೀತಿಯಿಂದ ಕರೆಯುತ್ತದೆ.

ಈ ಪುನರುತ್ಪಾದನೆಗೂ ಮಿತಿಯಿದೆ. ರಬ್ಬರ್, ತಗಡು, ದೀಪದ ಗಾಜು, ತಂತಿಯ ಕಟ್ಟು ಇವೆಲ್ಲ ಮರಳಿ ಮಾಡಬಹುದಾದ ವಸ್ತುಗಳು. ಚಿಪ್ಪುಗಳುಳ್ಳ ಪೆಟ್ಟಿಗೆಯನ್ನು ಮತ್ತೆ ಮಾಡಬೇಕಾದರೆ ಹೊಸದಾಗಿ ವಿನ್ಯಾಸವನ್ನೇ ರೂಪಿಸಬೇಕಾಗುತ್ತದೆ. ಹೆಸರು ಮಾಡಿದ ಕಾರಿಗೆ ಅದನ್ನು ಮಾಡಿಯಾರು. ಹೆಸರಿಲ್ಲದ ಸಾಮಾನ್ಯ ಕಾರಿಗೆ ಯಾರು ಮಾಡುತ್ತಾರೆ?

ಕಾರುಗಳನ್ನು ಈಗ ಮುಖ್ಯವಾಗಿ ಉಳಿಸುತ್ತಿರುವವರು ಸಣ್ಣ ವರ್ಕ್‌ಶಾಪಿನವರು ಮತ್ತು ಹವ್ಯಾಸಿ ಮಾಲೀಕರು. ಸೋರುವ ಮೊದಲೇ ಕೆಪಾಸಿಟರ್ ಬದಲಿಸುವುದು, ಚಿಪ್ಪಿನಲ್ಲಿರುವ ಕಾರ್ಯಸೂಚಿಯನ್ನು ಅಳಿಯುವ ಮೊದಲೇ ಓದಿ ನಕಲು ತೆಗೆದಿಡುವುದು, ಯಾವ ತಂತಿ ಎಲ್ಲಿಗೆ ಹೋಗುತ್ತದೆಂದು ಬರೆದಿಡುವುದು ಅವರ ಕೆಲಸ. ಆ ಕಾಲದ ಎಷ್ಟೋ ಎಂಜಿನ್ ಪೆಟ್ಟಿಗೆಗಳ ಇಡೀ ಕಾರ್ಯಸೂಚಿ 32 ಕಿಲೋಬೈಟಿನಷ್ಟು ಮಾತ್ರ, ಅಂದರೆ ಇಂದಿನ ಫೋನಿನ ಒಂದು ಚಿತ್ರಕ್ಕಿಂತ ಚಿಕ್ಕದು. ಅಷ್ಟನ್ನು ಕಾಪಾಡಲು ಕಂಪೆನಿಗೆ ಖರ್ಚೇನಿಲ್ಲ. ಆದರೂ ಹೊರಗಿನವರು ವರ್ಷಗಟ್ಟಲೆ ತಡಕಾಡಿ ಅದನ್ನು ಬಿಡಿಸಿ ಅರಿಯಬೇಕಾಗಿದೆ.

ಕಾನೂನಿನ ಹಾದಿ

ಅಮೆರಿಕ 1996ರಿಂದ ಎಲ್ಲ ಹೊಸ ಕಾರುಗಳಿಗೂ ದೋಷ ಪತ್ತೆಯ ಒಂದೇ ಬಗೆಯ ಸಾಕೆಟನ್ನು ಕಡ್ಡಾಯಗೊಳಿಸಿತು. ಉದ್ದೇಶ ಹೊಗೆಯ ನಿಯಂತ್ರಣ. ಆದರೂ ಸಣ್ಣ ಗ್ಯಾರೇಜಿಗೆ ಅದರಿಂದ ದೊಡ್ಡ ಉಪಕಾರವಾಯಿತು. 2015ರಲ್ಲಿ, ದುರಸ್ತಿಗಾಗಿ ವಾಹನದ ಸಾಫ್ಟ್‌ವೇರಿನ ಬೀಗ ತೆರೆಯುವುದು ಕೃತಿಸ್ವಾಮ್ಯದ ಉಲ್ಲಂಘನೆಯಲ್ಲವೆಂದು ಅಲ್ಲಿ ವಿನಾಯಿತಿ ದೊರೆಯಿತು. ಮಸಾಚುಸೆಟ್ಸ್ ರಾಜ್ಯದ ಮತದಾರರು 2012ರಲ್ಲೂ 2020ರಲ್ಲೂ ದುರಸ್ತಿ ಹಕ್ಕಿನ ಪರವಾಗಿ ಭಾರೀ ಬಹುಮತ ನೀಡಿದರು. ಯುರೋಪಿನ ಒಕ್ಕೂಟ 2024ರಲ್ಲಿ ದುರಸ್ತಿ ಹಕ್ಕಿನ ನಿರ್ದೇಶನವನ್ನು ಅಂಗೀಕರಿಸಿತು. ಬಟ್ಟೆ ಒಗೆಯುವ ಯಂತ್ರ, ಫ್ರಿಜ್ಜು, ಫೋನುಗಳು ಅದರ ಪಟ್ಟಿಯಲ್ಲಿವೆ, ಕಾರು ಇಲ್ಲ. ಕಾರಿನ ದುರಸ್ತಿ ಮಾಹಿತಿಗೆ ಅಲ್ಲಿ ಬೇರೆ ನಿಯಮವಿದೆ.

ನಮ್ಮ ದೇಶವೂ ಈ ವಿಷಯದಲ್ಲಿ ಕಣ್ಣು ಮುಚ್ಚಿ ಕುಳಿತಿಲ್ಲ. ಬಿಡಿಭಾಗಗಳನ್ನೂ ದೋಷ ಪತ್ತೆಯ ಸಾಧನಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ ಕಾರಣಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪೆನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತು. ಮೇಲ್ಮನವಿಗಳು ನಡೆದುವು. ಆದರೂ ಆಯೋಗ ಎತ್ತಿ ಹಿಡಿದ ತತ್ವದ ಮಹತ್ವ ಕಡಿಮೆಯಾಗಿಲ್ಲ. 2022ರಲ್ಲಿ ಕೇಂದ್ರ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿ ಹಕ್ಕಿನ ಕುರಿತು ಸಮಿತಿ ರಚಿಸಿ, ವರ್ಷಾಂತ್ಯಕ್ಕೆ ಪೋರ್ಟಲೊಂದನ್ನೂ ತೆರೆಯಿತು. ಕೃಷಿ ಯಂತ್ರ, ಮೊಬೈಲ್, ಗೃಹೋಪಯೋಗಿ ಸಾಧನ ಮತ್ತು ವಾಹನ ಈ ನಾಲ್ಕು ವಿಭಾಗಗಳನ್ನು ಅದಕ್ಕೆ ಆರಿಸಲಾಯಿತು. ಆದರೆ ಪೋರ್ಟಲ್ ಮಾಹಿತಿ ಕೊಡುವ ಹಲಗೆ. ಹಲಗೆಯಿಂದ ಯಾರನ್ನೂ ಕಟ್ಟಿಹಾಕಲು ಬರುವುದಿಲ್ಲ.

ಕಂಪೆನಿಗಳ ವಾದದಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಬ್ರೇಕಿನ ಪೆಟ್ಟಿಗೆಯನ್ನು ಅರೆಬರೆ ಬಲ್ಲವನು ಬಿಚ್ಚಿದರೆ ಪ್ರಾಣಕ್ಕೆ ಅಪಾಯ. ಸಂಕೇತಗಳು ಬೀದಿಗೆ ಬಿದ್ದರೆ ಕಳ್ಳರಿಗೆ ಅನುಕೂಲ. ಆದರೆ ಅಪಾಯಕ್ಕೆ ಪರಿಹಾರ ಅಜ್ಞಾನವಲ್ಲ. ಸರಿಯಾದ ನಕ್ಷೆ ಸಿಗದವನು ಕೆಲಸ ಬಿಡುವುದಿಲ್ಲ, ಊಹೆಯಿಂದ ಮಾಡುತ್ತಾನೆ. ಊಹೆಯಿಂದ ಮಾಡಿದ ಬ್ರೇಕಿಗಿಂತ ನಕ್ಷೆ ನೋಡಿ ಮಾಡಿದ ಬ್ರೇಕು ಕ್ಷೇಮ. ಕಳ್ಳತನದ ಸಂಕೇತಗಳನ್ನು ಪರವಾನಿಗೆ ಪಡೆದ ಮೆಕ್ಯಾನಿಕರಿಗೆ ಮಾತ್ರ, ದಾಖಲೆ ನೋಡಿ ಕೊಡುವ ಏರ್ಪಾಡು ಅಸಾಧ್ಯವೇನಲ್ಲ.

ಏನಾಗಬೇಕು?

ಒಂದು ಭಾಗವನ್ನು ಕಂಪೆನಿ ಮಾರುತ್ತಿರುವಷ್ಟು ಕಾಲ ಅದರ ನಕ್ಷೆ ಗುಟ್ಟಾಗಿರಲಿ, ಆಕ್ಷೇಪವಿಲ್ಲ. ಇನ್ನು ಮುಂದೆ ತಯಾರಿಸುವುದಿಲ್ಲವೆಂದು ಅದು ನಿರ್ಧರಿಸಿದ ದಿನ ಆ ಭಾಗದ ನಕ್ಷೆ, ತಂತಿಗಳ ವಿವರ, ಒಳಗಿನ ಕಾರ್ಯಸೂಚಿ ಮತ್ತು ಪರೀಕ್ಷಾ ವಿಧಾನ ಬಳಕೆದಾರರಿಗೆ ದೊರೆಯಬೇಕು. ಕಂಪೆನಿ ಮುಳುಗಿಹೋದರೂ ಕಳೆದುಹೋಗದಂತೆ, ಮಾರಾಟಕ್ಕೆ ಅನುಮತಿ ಪಡೆಯುವಾಗಲೇ ಅವುಗಳ ಪ್ರತಿಯನ್ನು ಸರಕಾರದ ಸಂಸ್ಥೆಯೊಂದರಲ್ಲಿ ಠೇವಣಿ ಇರಿಸಬೇಕು. ಇದು ದೂರದ ಮಾತಲ್ಲ. ಅಮೆರಿಕದ ಫಿಸ್ಕರ್ ಎಂಬ ವಿದ್ಯುತ್ ಕಾರು ಕಂಪೆನಿ 2024ರ ಜೂನಿನಲ್ಲಿ ದಿವಾಳಿ ಅರ್ಜಿ ಹಾಕಿದಾಗ, ಒಂದೆರಡು ವರ್ಷವೂ ಹಳತಾಗದ ಸಾವಿರಾರು ಕಾರುಗಳ ಮಾಲೀಕರು ಬಿಡಿಭಾಗ ಮತ್ತು ಸಾಫ್ಟ್‌ವೇರಿಗಾಗಿ ತಾವೇ ಸಂಘ ಕಟ್ಟಿಕೊಳ್ಳಬೇಕಾಯಿತು.

ಇದರೊಡನೆ ನಮ್ಮ ಐಟಿಐಗಳಲ್ಲಿ ವಾಹನ ದುರಸ್ತಿ ಕಲಿಯುವ ಹುಡುಗರಿಗೆ ಸ್ಪ್ಯಾನರಿನಷ್ಟೇ ಸಲೀಸಾಗಿ ಬೆಸುಗೆ ಸಲಾಕೆಯನ್ನೂ ಹಿಡಿಯಲು ಕಲಿಸಬೇಕಾಗಿದೆ. ಪೆಟ್ಟಿಗೆ ಬದಲಿಸುವವನು ಕಂಪೆನಿಯ ಏಜೆಂಟ್ ಮಾತ್ರ, ಪೆಟ್ಟಿಗೆ ತೆರೆದು ಸರಿಪಡಿಸುವವನು ಕಸುಬುಗಾರ. ಮೊದಲನೆಯವನಿಗೆ ಬಿಡಿಭಾಗ ಮುಗಿದೊಡನೆ ಕೆಲಸ ಮುಗಿಯುತ್ತದೆ. ಎರಡನೆಯವನಿಗೆ ಕೆಲಸ ಅಲ್ಲಿಂದಲೇ ಶುರು.

ಮ್ಯಾಕ್‌ಲಾರೆನ್ ಇಟ್ಟುಕೊಂಡವನಿಗೆ ಹಳೆಯ ಲ್ಯಾಪ್‌ಟಾಪ್ ಹುಡುಕಿಸುವಷ್ಟು ಹಣವಿದೆ. ಸಾಲ ಮಾಡಿ ಸಣ್ಣ ಕಾರು ಕೊಂಡವನಿಗೂ, ಬಾಡಿಗೆಗೆ ಜೀಪು ಓಡಿಸಿ ಮನೆ ನಡೆಸುವವನಿಗೂ ಅದಿಲ್ಲ. ಅವರ ವಾಹನಗಳೊಳಗೂ ಈಗ ಅಂತಹವೇ ಪೆಟ್ಟಿಗೆಗಳಿವೆ, ಅವುಗಳೊಳಗೂ ಅಂತಹವೇ ಡಬ್ಬಿಗಳಿವೆ. ಅವು ಸೋರತೊಡಗುವ ಮೊದಲು ಸಂಸತ್ತು ಈ ಕುರಿತು ಕಾನೂನು ಮಾಡಬೇಕೆಂಬುದು ನಮ್ಮ ಆಗ್ರಹ.